ಅತ್ತವರು, ಅಳದವರು

ನಮ್ಮ ಬನಹಟ್ಟಿಯಲ್ಲಿ ಸಾವಿನ ಮನೆಗೆ ಹೋಗುವುದನ್ನು 'ಮಣ್ಣಿಗೆ ಹೋಗೋದು' ಎನ್ನುತ್ತಾರೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ತೀರಿಕೊಂಡ ದಿನ ನಮ್ಮ ಮನೆಗೇ ಎಲ್ಲರೂ ಮಣ್ಣಿಗೆ ಬಂದರು. ನಾನಾಗ ಪಿಯುಸಿ ಮೊದಲನೇ ವರ್ಷದಲ್ಲಿದ್ದೆ. ಆಯಿಯನ್ನು ಗೋಡೆಗೆ ಆನಿಸಿ ಕೂಡ್ರಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಒಂದು ಕಡೆ ಭಜನಿಯವರು ತಾಳ ಜೋಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಂಡನ ಊರಿನಿಂದ ನನ್ನ ಸ್ವಾದರತ್ತಿ ಬಂದಳು. ಓಣಿಯ ಮೂಲೆ ತಿರುಗುತ್ತಲೇ ಅವಳ ದನಿ ಕೇಳಿಸಿತು. ನಮ್ಮ ಕಡೆ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನು ಕರೆದು ಮಾತಾಡಿಸುತ್ತ, ಅವರು ಉಣಿಸಿದ್ದು, ಉಡಿಸಿದ್ದು, ಬೈದದ್ದು ಎಲ್ಲವನ್ನೂ ಒಂದೊಂದಾಗಿ ನೆನೆಯುತ್ತ, ರಾಗವೋ ಮಾತೋ ತಿಳಿಯದ ಹಾಗೆ ಅಳುತ್ತಾರೆ. ಅತ್ತಿ ಬಂದು ಆಯಿಯ ಕಾಲ ಮೇಲೆ ಬಿದ್ದಾಗ ಅಲ್ಲಿದ್ದ ಹೆಂಗಸರೆಲ್ಲ ಸೆರಗು ಕಣ್ಣಿಗೊತ್ತಿಕೊಂಡರು.

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ವಿಮಾನ ಕಟ್ಟುವವರಿಗೆ ಬಿದಿರು ತರಿಸಿದನೇ, ಕುಣಿ ತೋಡುವವರು ಹೋದರೇ, ಹೂವಿನವನಿಗೆ ಎಷ್ಟು ಕೊಡಬೇಕು, ತೇರದಾಳದವರು ಬರುವ ತನಕ ಕಾಯಬೇಕೋ ಬೇಡವೋ, ಇದನ್ನೇ ಮಾತಾಡುತ್ತಿದ್ದ. ಅವನ ಕಣ್ಣಲ್ಲಿ ನೀರಿರಲಿಲ್ಲ. ಮಣ್ಣು ಹಾಕುವಾಗಲೂ ಬರಲಿಲ್ಲವಂತೆ.

ಅಂದು ಸಂಜೆಯ ಹೊತ್ತಿಗೆ ಎರಡು ಮಾತು ನನ್ನ ಕಿವಿಗೆ ಬಿದ್ದವು. ಒಂದು: "ಹಡದವ್ವ ಸತ್ತಾಳ, ಕಣ್ಣಾಗ ಒಂದು ಹನಿ ನೀರಿಲ್ಲ. ಕಲ್ಲು ಅದಾನ ನೋಡ್ರಿ." ಇನ್ನೊಂದು: "ವರ್ಷಕ್ಕೊಮ್ಮಿ ಬರಾಕಿ, ಈಗ ಓಣಿಗೆಲ್ಲಾ ಕೇಳೂವಂಗ ಅತ್ಲು. ಅವೆಲ್ಲಾ ತೋರಕಿ." ಮೊದಲನೆಯದು ಅಪ್ಪನ ಬಗ್ಗೆ, ಎರಡನೆಯದು ಅತ್ತಿಯ ಬಗ್ಗೆ. ಎರಡನ್ನೂ ಆಡಿದ ಬಾಯಿ ಒಂದೇ. ಅತ್ತಿಯ ಬಗೆಗಿನ ಮಾತನ್ನು ನಾನು ಆ ಕ್ಷಣವೇ ತಳ್ಳಿಹಾಕಿದೆ. ಅಪ್ಪನ ಬಗೆಗಿನ ಮಾತನ್ನು ಮಾತ್ರ ನಂಬಿದೆ. ಎಷ್ಟೋ ವರ್ಷ ಅದನ್ನು ಅವನ ವಿರುದ್ಧ ಒಳಗೇ ಇಟ್ಟುಕೊಂಡಿದ್ದೆ. ಅವನು ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹಿಂದೆ ತಿರುಗದೆ ಬಸ್ಸು ಹತ್ತಿದಾಗ, ಅವ್ವ ಆಸ್ಪತ್ರೆಯಲ್ಲಿದ್ದಾಗ ಬಿಲ್ಲಿನ ಮಾತನ್ನಷ್ಟೇ ಆಡಿದಾಗ, 'ಇವನು ಹಾಗೇ' ಎಂದು ಹಳೆಯ ತೀರ್ಪನ್ನೇ ಮತ್ತೆ ಬರೆದುಕೊಂಡೆ.

ಮುಖದ ಮೇಲೆ ಕಾಣುವುದರಿಂದ ಮನುಷ್ಯನ ಗುಣವನ್ನು ಅಳೆಯಬಹುದೇ? ಅಳೆದರೆ ಅದು ನ್ಯಾಯವೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಆದರೆ ಅದನ್ನು ಹಿಡಿದುಕೊಂಡು ಪುಸ್ತಕಗಳ ಬಳಿಗೂ ಹೋದೆ.

ಮನಶ್ಶಾಸ್ತ್ರದವರು ಸ್ವಭಾವವನ್ನು ಸಾಮಾನ್ಯವಾಗಿ ಐದು ದೊಡ್ಡ ಗುಣಗಳಲ್ಲಿ ಅಳೆಯುತ್ತಾರೆ: ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಹೊಸತಿಗೆ ತೆರೆದುಕೊಳ್ಳುವ ಮನಸ್ಸು ಮತ್ತು ಬೇಗ ಕಲಕಿಹೋಗುವ ಗುಣ. ಬಹಿರ್ಮುಖಿಗಳು ಸಂತೋಷವನ್ನು ಹೆಚ್ಚು ತೋರಿಸುತ್ತಾರೆ, ಬೇಗ ಕಲಕುವವರು ದುಃಖ, ಭಯ, ಸಿಟ್ಟುಗಳನ್ನು ಹೆಚ್ಚು ಅನುಭವಿಸುತ್ತಾರೆ. ಇಷ್ಟನ್ನು ಓಣಿಯ ಮುದುಕಿಯೂ ಹೇಳುತ್ತಾಳೆ. ಅವರ ಕೆಲಸದಲ್ಲಿ ನನಗೆ ಉಪಯುಕ್ತ ಅನ್ನಿಸಿದ್ದು ಬೇರೆ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ಆಲಿವರ್ ಜಾನ್ 1990ರ ದಶಕದಲ್ಲಿ ಭಾವ ಪ್ರಕಟಣೆಯನ್ನು ಅಳೆಯಲು ಹೊರಟಾಗ ಅದನ್ನು ಒಂದೇ ಗುಣವೆಂದು ಹಿಡಿಯಲಿಲ್ಲ. ಒಳಗಿನಿಂದ ಒತ್ತಿ ಬರುವ ಭಾವದ ಬಲ ಎಷ್ಟು ಎಂಬುದು ಒಂದು, ಹಿತವಾದ ಭಾವಗಳನ್ನು ಹೊರಗೆ ತೋರುವುದು ಇನ್ನೊಂದು, ಅಹಿತವಾದವನ್ನು ತೋರುವುದು ಮತ್ತೊಂದು. ಹೀಗೆ ಬಿಡಿಸಿ ನೋಡಿದರೆ, ಒಳಗೆ ತುಂಬಾ ಬಲವಾಗಿ ಒತ್ತುತ್ತಿದ್ದರೂ ಹೊರಗೆ ಏನೂ ಕಾಣದ ಮನುಷ್ಯನಿಗೆ ಲೆಕ್ಕದಲ್ಲಿ ಒಂದು ಜಾಗ ಸಿಗುತ್ತದೆ. ಓಣಿಯ ಲೆಕ್ಕದಲ್ಲಿ ಅಂಥವನಿಗೆ ಜಾಗವಿಲ್ಲ. ಅಲ್ಲಿ ಕಂಡಿದ್ದಷ್ಟೇ ಇದ್ದದ್ದು.

ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೆಲವರಿಗೆ ದುಃಖದ ಚಲನಚಿತ್ರದ ತುಣುಕು ತೋರಿಸಿ, ನಿಮ್ಮ ಭಾವ ಮುಖದ ಮೇಲೆ ಕಾಣದಂತೆ ನೋಡಿಕೊಳ್ಳಿ ಎಂದು ಹೇಳಿದರು. ಮುಖದ ಮೇಲೆ ದುಃಖ ಕಡಿಮೆಯಾಯಿತು, ಅನುಭವಿಸಿದ ದುಃಖ ಕಡಿಮೆಯಾಗಲಿಲ್ಲ. ಹೃದಯ ಮತ್ತು ರಕ್ತನಾಳಗಳ ಮೇಲಿನ ಒತ್ತಡ ಮಾತ್ರ ಹೆಚ್ಚಿತು. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಪರಸ್ಪರ ಪರಿಚಯವಿಲ್ಲದ ಹೆಂಗಸರನ್ನು ಜೋಡಿಜೋಡಿಯಾಗಿ ಕೂಡ್ರಿಸಿ, ಮನಸ್ಸು ಕಲಕುವ ಚಿತ್ರವೊಂದನ್ನು ನೋಡಿದ ಮೇಲೆ ಮಾತಾಡಲು ಬಿಟ್ಟರು. ಒಬ್ಬಳು ತನ್ನ ಭಾವವನ್ನು ಅದುಮಿಟ್ಟುಕೊಂಡಾಗ ಎದುರಿಗಿದ್ದವಳ ರಕ್ತದೊತ್ತಡ ಏರಿತು. ಅದುಮಿಟ್ಟದ್ದು ಎಲ್ಲಿಗೂ ಹೋಗುವುದಿಲ್ಲ, ಎದುರಿಗಿದ್ದವರ ಮೈಯನ್ನೂ ತಾಗುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ಅವ್ವ. ಅಪ್ಪ ಸುಮ್ಮನಿದ್ದಷ್ಟೂ ಅವಳು ಅಡುಗೆಮನೆಯಲ್ಲಿ ಭಾಂಡಿ ಸಪ್ಪಳ ಮಾಡುತ್ತಿದ್ದಳು.

ಹಾಗಾದರೆ ಅದುಮಿಡುವುದು ಎಲ್ಲ ಕಡೆಯೂ ಕೆಟ್ಟದ್ದೇ? ಅದೂ ಅಷ್ಟು ಸರಳವಿಲ್ಲ. 2011ರಲ್ಲಿ ಹೋಸೆ ಸೋಟೊ ಮತ್ತು ಸಂಗಡಿಗರು ಯುರೋಪ್ ಮೂಲದ ಅಮೆರಿಕನ್ನರನ್ನೂ ಹಾಂಗ್‌ಕಾಂಗ್‌ನ ಚೀನೀಯರನ್ನೂ ಹೋಲಿಸಿ ನೋಡಿದರು. ಮೊದಲನೆಯವರಲ್ಲಿ ಭಾವ ಅದುಮಿಡುವ ರೂಢಿಗೂ ಖಿನ್ನತೆಗೂ ನಂಟು ಕಂಡಿತು, ಎರಡನೆಯವರಲ್ಲಿ ಕಾಣಲಿಲ್ಲ. ತೋರಿಸದಿರುವುದನ್ನೇ ಮರ್ಯಾದೆಯೆಂದು ತಿಳಿಯುವ ಕಡೆ ತೋರಿಸದವನು ಒಂಟಿಯಾಗುವುದಿಲ್ಲವೇನೋ. ಎಲ್ಲಿ, ಯಾರ ಮುಂದೆ, ಎಷ್ಟು ತೋರಿಸಬೇಕು ಎಂಬ ನಿಯಮಗಳನ್ನು ನಾವು ನಡೆಯಲು ಕಲಿತ ಹಾಗೆ ಕಲಿಯುತ್ತೇವೆ. ಕಲಿತ ಮೇಲೆ ಕಲಿತದ್ದೇ ಮರೆತು ಹೋಗಿ, ಅದನ್ನೇ ಸ್ವಭಾವ ಎಂದು ಕರೆಯುತ್ತೇವೆ.

ನಮ್ಮ ಮನೆಯ ಸಂಗತಿಯನ್ನೇ ನೋಡಿ. ಸ್ವಭಾವದಿಂದ ಅತ್ತಿ ಮಿತಭಾಷಿ. ತವರಿಗೆ ಬಂದರೂ ಒಂದು ಮೂಲೆಯಲ್ಲಿ ಕೂತು ಕಂಡಿಕೆ ಸುತ್ತಿಕೊಡುತ್ತಿದ್ದಳೇ ಹೊರತು ನಾಲ್ಕು ಮಾತಿಗೆ ಐದನೆಯದು ಸೇರಿಸಿದವಳಲ್ಲ. ಅಪ್ಪ ಮಾತಿನ ಮಲ್ಲ. ಪಾವರ್‌ಲೂಮಿನ ಗದ್ದಲವನ್ನು ಮೀರಿ ಕೂಗಿ ಮಾತಾಡಿ, ಕೂಗಿ ನಕ್ಕು ರೂಢಿಯಾದವನು. ಐದು ಗುಣಗಳ ಪಟ್ಟಿಯ ಪ್ರಕಾರ ಓಣಿಗೆಲ್ಲ ಕೇಳುವ ಹಾಗೆ ಅಳಬೇಕಾದವನು ಅಪ್ಪ, ಮೂಲೆಯಲ್ಲಿ ಸುಮ್ಮನೆ ಕೂಡಬೇಕಾದವಳು ಅತ್ತಿ. ಆದದ್ದು ತಿರುಗುಮುರುಗು. ಏಕೆಂದರೆ ಅಲ್ಲಿ ಅವರ ಸ್ವಭಾವಕ್ಕಿಂತ ಮೊದಲು ಅವರ ಪಾತ್ರಗಳು ಬಂದು ಕೂತಿದ್ದವು: ಕೊಟ್ಟ ಮನೆಯ ಮಗಳು, ಮನೆಯ ಹಿರಿಮಗ. ವಾಲ್ಟರ್ ಮಿಶೆಲ್ 1968ರಲ್ಲಿ ಬರೆದ ಪುಸ್ತಕದಿಂದ ಸ್ವಭಾವಶಾಸ್ತ್ರದೊಳಗೆ ದೊಡ್ಡ ಜಗಳವೇ ಎದ್ದಿತು. ಒಂದು ಸಂದರ್ಭದಲ್ಲಿ ಮನುಷ್ಯ ನಡೆದುಕೊಂಡದ್ದನ್ನು ನೋಡಿ ಇನ್ನೊಂದರಲ್ಲಿ ಹೇಗೆ ನಡೆಯುತ್ತಾನೆಂದು ಹೇಳುವುದು ನಾವು ಅಂದುಕೊಂಡಷ್ಟು ಸುಲಭವಲ್ಲ ಎಂಬುದು ಅವನ ವಾದ. ಆಮೇಲೆ ಎರಡೂ ಪಕ್ಷದವರು ಒಂದಿಷ್ಟು ಹತ್ತಿರ ಬಂದರು. ಸ್ವಭಾವ ಸುಳ್ಳಲ್ಲ, ನೂರಾರು ದಿನಗಳ ಸರಾಸರಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಒಂದೇ ಒಂದು ದಿನದಲ್ಲಿ, ಅದೂ ಸಾವಿನ ದಿನದಲ್ಲಿ, ಅದು ಕಾಣುತ್ತದೆಂದು ನೆಚ್ಚುವಂತಿಲ್ಲ. ನಾವಾದರೋ ಮನುಷ್ಯರನ್ನು ಅಳೆಯಲು ಅಂಥ ದಿನಗಳನ್ನೇ ಆರಿಸಿಕೊಳ್ಳುತ್ತೇವೆ.

ಹೀಗೆ ಅಳೆಯುವುದು ಓಣಿಯ ಮಾತಿಗೆ ಮುಗಿದರೆ ಪುಣ್ಯ. ಆಸ್ಟ್ರೇಲಿಯಾದಲ್ಲಿ 1980ರ ಆಗಸ್ಟ್‌ನಲ್ಲಿ ಉಲೂರು ಬಂಡೆಯ ಹತ್ತಿರ ಡೇರೆ ಹಾಕಿಕೊಂಡಿದ್ದ ಕುಟುಂಬವೊಂದರ ಹಸುಗೂಸು ಅಜಾರಿಯಾ ಕಾಣೆಯಾಯಿತು. ಕಾಡುನಾಯಿ ಡಿಂಗೋ ಎತ್ತಿಕೊಂಡು ಹೋಯಿತು ಎಂದು ತಾಯಿ ಲಿಂಡಿ ಚೇಂಬರ್ಲಿನ್ ಹೇಳಿದಳು. ಟಿವಿಯಲ್ಲಿ ಅವಳ ಮುಖ ನೋಡಿದ ಜನ, ಕೂಸು ಕಳೆದುಕೊಂಡ ತಾಯಿ ಹೀಗಿರುತ್ತಾಳೆಯೇ, ಇಷ್ಟು ಗಟ್ಟಿಯಾಗಿ ಮಾತಾಡುತ್ತಾಳೆಯೇ ಎಂದರು. 1982ರಲ್ಲಿ ಕೊಲೆಯ ಅಪರಾಧ ಹೊರಿಸಿ ಅವಳಿಗೆ ಜೀವಾವಧಿ ಶಿಕ್ಷೆ ವಿಧಿಸಿದರು. ಕೂಸಿನ ಅಂಗಿಯೊಂದು ಆಮೇಲೆ ಸಿಕ್ಕಿ 1986ರಲ್ಲಿ ಬಿಡುಗಡೆಯಾಯಿತು, 1988ರಲ್ಲಿ ತೀರ್ಪು ರದ್ದಾಯಿತು. ಕೂಸಿನ ಸಾವಿಗೆ ಡಿಂಗೋವೇ ಕಾರಣ ಎಂದು ಅಧಿಕೃತವಾಗಿ ದಾಖಲಾದದ್ದು 2012ರಲ್ಲಿ. ನ್ಯಾಯಾಲಯದ ಮುಂದೆ ತಪ್ಪಾಗಿ ಓದಿದ ವೈಜ್ಞಾನಿಕ ಸಾಕ್ಷ್ಯಗಳಿದ್ದವು, ನಿಜ. ಆದರೆ ದೇಶಕ್ಕೆ ದೇಶವೇ ಅವಳನ್ನು ಸಂಶಯಿಸಿದ್ದಕ್ಕೆ ಅವಳು ಸಾಕಷ್ಟು ಅಳಲಿಲ್ಲ ಎಂಬುದೂ ಒಂದು ಕಾರಣವಾಗಿತ್ತು.

ನಮ್ಮ ಪರಂಪರೆ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿದೆ. ಭರತನ ನಾಟ್ಯಶಾಸ್ತ್ರ ಮನುಷ್ಯರನ್ನು ಉತ್ತಮ, ಮಧ್ಯಮ, ಅಧಮ ಎಂಬ ಮೂರು ಪ್ರಕೃತಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಅಭಿವ್ಯಕ್ತಿಯನ್ನು ಹಂಚುತ್ತದೆ. ನಗೆಯಲ್ಲಿ ಆರು ಬಗೆ. ಹಲ್ಲು ಕಾಣದ ಸ್ಮಿತ ಮತ್ತು ತುಸು ಕಾಣುವ ಹಸಿತ ಉತ್ತಮರಿಗೆ, ವಿಹಸಿತ ಮತ್ತು ಉಪಹಸಿತ ಮಧ್ಯಮರಿಗೆ, ಅಪಹಸಿತ ಮತ್ತು ಅತಿಹಸಿತ ಅಧಮರಿಗೆ. ಶೋಕಕ್ಕೂ ಹಾಗೆಯೇ: ಮೇಲಿನವರು ಧೈರ್ಯದಿಂದ ತಾಳಿಕೊಳ್ಳುತ್ತಾರೆ, ಹೆಂಗಸರೂ ಕೆಳಗಿನವರೂ ಅಳುತ್ತಾರೆ. ರಂಗದ ಮೇಲೆ ಪಾತ್ರಗಳನ್ನು ಗುರುತಿಸಲು ಇದು ಉಪಯೋಗಕ್ಕೆ ಬಂದಿರಬಹುದು. ಆದರೆ ಇಲ್ಲಿ ಸ್ವಭಾವ ಎಂದು ಕರೆದದ್ದು ಎಷ್ಟರ ಮಟ್ಟಿಗೆ ಸ್ವಭಾವ, ಎಷ್ಟರ ಮಟ್ಟಿಗೆ ಅಂತಸ್ತು? ಗಟ್ಟಿಯಾಗಿ ನಗುವವನನ್ನು ಕೀಳು ಎನ್ನುವ ಮೊದಲು ಅವನು ಎಲ್ಲಿ ಕೆಲಸ ಮಾಡುತ್ತಾನೆ ಎಂದು ಕೇಳಬೇಕಿತ್ತು. ಹತ್ತಾರು ಮಗ್ಗಗಳು ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಸ್ಮಿತ ಯಾರಿಗೂ ಕಾಣಿಸುವುದಿಲ್ಲ.

ಅದೇ ನಾಟ್ಯಶಾಸ್ತ್ರ ಇನ್ನೊಂದು ಸೂಕ್ಷ್ಮವನ್ನೂ ಬಲ್ಲದು. ಸ್ತಂಭ, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಮುಖ ಬಿಳಿಚುವುದು, ಕಣ್ಣೀರು, ಮೂರ್ಛೆ ಎಂಬ ಎಂಟನ್ನು ಅದು ಸಾತ್ತ್ವಿಕ ಭಾವಗಳೆಂದು ಬೇರೆಯಾಗಿಯೇ ಇಡುತ್ತದೆ. ಕೈಕಾಲು ಆಡಿಸಿದ ಹಾಗೆ ಇವನ್ನು ಆಡಿಸಲು ಬರುವುದಿಲ್ಲ, ಮನಸ್ಸು ಒಂದೆಡೆ ನೆಟ್ಟಾಗಲೇ ಬರುತ್ತವೆ. ತೋರಬೇಕೆಂದು ತೋರುವುದು ಮತ್ತು ತಡೆದರೂ ತೋರುವುದು ಎಂಬ ಈ ಭೇದವನ್ನು ಕಾವ್ಯದಲ್ಲಿ ಕಾಣಬೇಕೆಂದರೆ ಬನಹಟ್ಟಿಯವರು ದೂರ ಹೋಗಬೇಕಾಗಿಲ್ಲ. ಬಸ್ಸು ಹತ್ತಿ ಮುಧೋಳದಲ್ಲಿ ಇಳಿದರೆ ಸಾಕು, ಅದು ರನ್ನನ ಊರು.

ಹತ್ತನೆಯ ಶತಮಾನದಲ್ಲಿ ಆಗಿನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ಚಾಲುಕ್ಯರ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ 'ಸಾಹಸಭೀಮ ವಿಜಯ' ಬರೆದ. ನಾವು ಗದಾಯುದ್ಧ ಎನ್ನುವುದು ಅದನ್ನೇ. ಹೊಗಳಬೇಕಾದದ್ದು ಭೀಮನನ್ನು. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಅವನ ಸ್ವಭಾವಕ್ಕೆ ಕವಿ ಕೊಟ್ಟ ಹೆಸರು ಛಲ. ಛಲದವನು ಹೇಗಿರುತ್ತಾನೆಂದು ನಾವು ಊಹಿಸುತ್ತೇವೆ? ಬಗ್ಗದವನು, ಕರಗದವನು, ಅಳದವನು. ರನ್ನನ ದುರ್ಯೋಧನ ಹಾಗಿಲ್ಲ. ಸಂಜಯನ ಜೊತೆ ಹೆಣಗಳ ನಡುವೆ ಹಾದು ಹೋಗುತ್ತ ಅವನು ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಗುರು ದ್ರೋಣನ ಮುಂದೆ, ಮಗ ಲಕ್ಷಣಕುಮಾರನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಗೆಳೆಯ ಕರ್ಣನ ಮುಂದೆ ನಿಂತು ದುಃಖಿಸುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆಯೂ ನಿಂತು, ಆ ಹುಡುಗನ ಶೌರ್ಯಕ್ಕೆ ತಲೆಬಾಗುತ್ತಾನೆ. ಅವನು ಸತ್ತವರನ್ನು ಹೆಸರು ಹಿಡಿದು ಮಾತಾಡಿಸುವ ರೀತಿ ಓದಿದಾಗಲೆಲ್ಲ ನನಗೆ ನಮ್ಮ ಓಣಿಯ ಹೆಂಗಸರು ನೆನಪಾಗುತ್ತಾರೆ. ಶಾಸ್ತ್ರ ಹೆಂಗಸರಿಗೂ ಕೆಳಗಿನವರಿಗೂ ಬಿಟ್ಟ ಕೆಲಸವನ್ನು ಈ ಕವಿ ಚಕ್ರವರ್ತಿಯ ಕೈಯಲ್ಲಿ ಮಾಡಿಸಿದ.

ಇಷ್ಟು ಅತ್ತವನು ಮೆತ್ತಗಾಗಬೇಕಿತ್ತು. ಶರಶಯ್ಯೆಯಲ್ಲಿರುವ ಭೀಷ್ಮ ಸಂಧಿಯ ಮಾತಾಡಿದಾಗ ಒಪ್ಪಬೇಕಿತ್ತು. ಒಪ್ಪುವುದಿಲ್ಲ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದವರ ಜೊತೆ ನೆಲ ಹಂಚಿಕೊಂಡು ಹೇಗೆ ಬಾಳಲಿ ಎಂಬುದೇ ಅವನ ಸಂಕಟ. ನನಗೆ ಇಲ್ಲಿ ತಿಳಿದದ್ದು ಇಷ್ಟು: ಸ್ವಭಾವವೇ ಭಾವವನ್ನು ರೂಪಿಸುತ್ತದೆ ಎಂದು ಒಂದೇ ದಿಕ್ಕಿನಲ್ಲಿ ನೋಡಿದರೆ ಈ ಮನುಷ್ಯ ಅರ್ಥವಾಗುವುದಿಲ್ಲ. ಅವನ ದುಃಖವೇ ಅವನ ಛಲಕ್ಕೆ ಅನ್ನ ಹಾಕುತ್ತಿದೆ. ಗಟ್ಟಿ ಎಂದು ನಾವು ಕರೆಯುವ ಎಷ್ಟೋ ಜನ ದುಃಖವಿಲ್ಲದೆ ಗಟ್ಟಿಯಾದವರಲ್ಲ, ದುಃಖದಿಂದಲೇ ಗಟ್ಟಿಯಾದವರು. ಕೊನೆಗೆ ಅವನು ವೈಶಂಪಾಯನ ಸರೋವರದಲ್ಲಿ ಅಡಗಿರುವಾಗ ಭೀಮನ ಗರ್ಜನೆ ಕೇಳುತ್ತದೆ. ನೀರಿನೊಳಗಿದ್ದೂ ಅವನ ಮೈ ಬೆವರುತ್ತದೆ. ಕನ್ನಡ ಓದಿದವರೆಲ್ಲರಿಗೂ ಗೊತ್ತಿರುವ ಮಾತು ಇದು. ಅಡಗಬೇಕೆಂದು ಬುದ್ಧಿ ಹೇಳಿದೆ, ಅವನು ಅಡಗಿದ್ದಾನೆ. ಮೈ ಮಾತ್ರ ಒಪ್ಪಿಲ್ಲ. ಆದರೆ ನೀರಿನೊಳಗಿನ ಬೆವರನ್ನು ದಡದಲ್ಲಿ ನಿಂತವರು ಯಾರೂ ಕಾಣಲಾರರು. ಕವಿ ಕಂಡ, ಏಕೆಂದರೆ ಅವನು ಈ ಮನುಷ್ಯನ ಜೊತೆ ಬಹಳ ದೂರ ನಡೆದು ಬಂದಿದ್ದ.

ನಮ್ಮ ಭಾಗದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಈ ಪ್ರಶ್ನೆ ಮತ್ತೊಂದು ರೂಪದಲ್ಲಿ ಬರುತ್ತದೆ. ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಸಿಡಿದೇಳುತ್ತಾಳೆ. ಶಾಂತ ಸ್ವಭಾವದ ರುಕ್ಮಿಣಿಯೇ ನಿಜವಾದ ಭಕ್ತೆ, ಸಿಟ್ಟಿನ ಭಾಮೆ ಅಹಂಕಾರಿ ಎಂಬುದು ಕತೆಯ ನೀತಿ. ಆಟ ನೋಡಲು ಬಂದವರು ರಾತ್ರಿಯಿಡೀ ನಿದ್ದೆಗೆಟ್ಟು ಕೂಡುವುದು ಮಾತ್ರ ಭಾಮೆಗಾಗಿ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹೆಸರನ್ನು ಹಿರಿಯರು ಇಂದಿಗೂ ಎತ್ತುವುದು ಆ ರಾತ್ರಿಗಳ ನೆನಪಿನಿಂದ. ಮನೆಯಲ್ಲಿ ಹೆಂಡತಿ ದನಿ ಎತ್ತಿದರೆ 'ಗಂಡುಬೀರಿ' ಎನ್ನುವ ಗಂಡಸೂ ಅಲ್ಲಿ ಭಾಮೆಯ ಸಿಟ್ಟಿನಲ್ಲಿ ಪ್ರೀತಿಯನ್ನು ಗುರುತಿಸುತ್ತಾನೆ. ಗುರುತಿಸಲು ಬರುವುದಿಲ್ಲ ಎಂದಲ್ಲ. ಪೂರ್ತಿ ಕತೆ ಕೇಳುವಷ್ಟು ಹೊತ್ತು ಕೂತರೆ ಬರುತ್ತದೆ. ಮನೆಯಲ್ಲಿ ನಾವು ಅಷ್ಟು ಹೊತ್ತು ಕೂಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಯಾರಾದರೂ, 'ಹಾಗಾದರೆ ಅವರವರ ಸ್ವಭಾವ ಅವರವರಿಗೆ, ಯಾರನ್ನೂ ಏನೂ ಅನ್ನಬಾರದು' ಎಂದು ತೀರ್ಮಾನಿಸಬಹುದು. ನಾನು ಅದನ್ನು ಒಪ್ಪಲಾರೆ. 'ನಂದು ಸಿಟ್ಟು ಮೂಗಿನ ತುದೀಗೆ, ಆದ್ರ ಮನಸ್ಸು ಬೆಣ್ಣಿ' ಎನ್ನುವವರನ್ನು ಎಲ್ಲರೂ ನೋಡಿದ್ದೇವೆ. ಅವರು ಮನೆಯಲ್ಲಿ ತಾಟು ಎಸೆಯುತ್ತಾರೆ, ಮಕ್ಕಳ ಮೇಲೆ ಕೈ ಮಾಡುತ್ತಾರೆ. ಆಮೇಲೆ ಸ್ವಭಾವವನ್ನು ಮುಂದೆ ಮಾಡಿ ಹಿಂದೆ ನಿಲ್ಲುತ್ತಾರೆ. ಒಂದನ್ನು ಗಮನಿಸಿ. ಅದೇ ಮನುಷ್ಯ ವಾರದ ಮಜೂರಿ ತೆಗೆದುಕೊಳ್ಳಲು ಮಾಲಕರ ಮುಂದೆ ನಿಂತಾಗ, ಸೀರೆಯಲ್ಲಿ ಎಳೆ ತಪ್ಪಿದೆಯೆಂದು ಅವರು ರೊಕ್ಕ ಮುರಿದುಕೊಂಡಾಗ, ಅವನ ಸಿಟ್ಟು ಮೂಗಿನ ತುದಿಗೆ ಬರುವುದಿಲ್ಲ. 'ಆತ್ರೀ ಸಾಹುಕಾರ್ರ' ಎಂದು ಬರುತ್ತಾನೆ. ತಡೆಯಲಾಗದ ಸ್ವಭಾವಕ್ಕೆ ಎದುರಿಗಿರುವವರು ಯಾರು ಎಂಬ ಅರಿವು ಇಷ್ಟು ಚೆನ್ನಾಗಿ ಹೇಗೆ ಇರುತ್ತದೆ? ಮೇಲಿನವರ ಮುಂದೆ ತಡೆದುಕೊಳ್ಳಲು ಬಂದದ್ದು ಹೆಂಡತಿ ಮಕ್ಕಳ ಮುಂದೆ ಬರುವುದಿಲ್ಲ ಎಂದರೆ ಅದು ಸ್ವಭಾವದ ಮಾತಲ್ಲ, ಯಾರ ಮೇಲೆ ಹರಿಹಾಯ್ದರೆ ನಡೆಯುತ್ತದೆ ಎಂಬ ಲೆಕ್ಕದ ಮಾತು.

ಹಾಗಾಗಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಒಬ್ಬರ ಅಭಿವ್ಯಕ್ತಿಯಿಂದ ಅವರ ಒಳಗಿನ ಭಾವ ಎಷ್ಟಿದೆ ಎಂದು ಅಳೆಯುವ ಹಕ್ಕು ನನಗಿಲ್ಲ. ಆದರೆ ಅವರ ಅಭಿವ್ಯಕ್ತಿ ಇನ್ನೊಬ್ಬರಿಗೆ ಏನು ಮಾಡಿತು ಎಂದು ಕೇಳುವ ಹಕ್ಕಿದೆ. ಸಿಟ್ಟಿನವನನ್ನು ಹಾಗೆ ಕೇಳುವಾಗ ಮೌನಿಯನ್ನೂ ಕೇಳಬೇಕಾಗುತ್ತದೆ. ತೋರಿಸದವನ ಒಳಗೆ ಬೆಟ್ಟದಷ್ಟು ಪ್ರೀತಿಯಿದ್ದರೂ, ಅದು ಇದೆ ಎಂಬ ಒಂದು ಗುರುತು ಕೂಡ ಸಿಗದೆ ಮೂವತ್ತು ವರ್ಷ ಜೊತೆಗೆ ಬಾಳಿದವಳ ಕಷ್ಟ ಕಷ್ಟವೇ. 'ಒಳಗ ಐತಲ್ಲ' ಎಂಬುದು ಉತ್ತರವಾಗುವುದಿಲ್ಲ. ಓದುವವರು ತಾಳ್ಮೆಯಿಂದ ಓದಬೇಕು, ಸರಿ. ಓದಲು ಒಂದು ಅಕ್ಷರವಾದರೂ ಇರಬೇಕಲ್ಲ. ಅಪ್ಪನ ಬಗ್ಗೆ ನಾನು ಕೊಟ್ಟಿದ್ದ ತೀರ್ಪು ತಪ್ಪು ಎಂದು ಈಗ ಅನ್ನಿಸುತ್ತದೆ. ಅವ್ವನ ದೂರು ತಪ್ಪು ಎಂದು ಅನ್ನಿಸುವುದಿಲ್ಲ.

ಎರಡು ವರ್ಷದ ಹಿಂದೆ ಜಾತ್ರೆಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿಯೇ ಬಿಟ್ಟೆ. ಇಬ್ಬರೇ ಇದ್ದೆವು. "ಆಯಿ ಸತ್ತಾಗ ಯಾಕ ಅಳಲಿಲ್ಲ ಅಪ್ಪಾ?" ಅವನಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಅಳಾಕ ಹೊತ್ತೆಲ್ಲಿತ್ತವ್ವಾ? ಎಲ್ಲಾರೂ ಅಳಕೋತ ಕುಂತ್ರ ಕುಣಿ ತೋಡಸವ್ರು ಯಾರು?" ಎಂದ. ಇಷ್ಟೇ ಎಂದು ನಾನು ಏಳುವುದರಲ್ಲಿದ್ದೆ. ಅವನು ಸ್ವಲ್ಪ ಹೊತ್ತು ಬಿಟ್ಟು, "ನಮ್ಮಕ್ಕ ಅತ್ಲಲ್ಲ. ಆಕಿ ಅವ್ವನ್ನ ಕರದು ಕರದು ಅಂದದ್ದೆಲ್ಲಾ ಖರೇನ. ಕೇಳಿದ ಮ್ಯಾಲ ನಂಗ ಅನ್ನೂದು ಏನೂ ಉಳೀಲಿಲ್ಲ" ಎಂದ.

ನಾನು ಓದಿದ ಯಾವ ಪ್ರಶ್ನಾವಳಿಯಲ್ಲೂ ಈ ಉತ್ತರಕ್ಕೆ ಖಾನೆ ಇರಲಿಲ್ಲ. 'ನಾನು ನನ್ನ ಭಾವನೆಗಳನ್ನು ತೋರಿಸುತ್ತೇನೆ' ಎಂಬ ವಾಕ್ಯದ ಮುಂದೆ ಒಂದರಿಂದ ಏಳರವರೆಗೆ ಗುರುತು ಹಾಕಬೇಕು. ನನ್ನ ಭಾವನೆಯನ್ನು ನನ್ನ ಅಕ್ಕ ತೋರಿಸಿದಳು ಎಂದು ಬರೆಯಲು ಜಾಗವಿಲ್ಲ. ಒಬ್ಬ ಮನುಷ್ಯನಿಗೆ ಒಂದು ಭಾವ, ಒಂದು ಭಾವಕ್ಕೆ ಒಂದು ಮುಖ ಎಂದು ಎಣಿಸುವುದು ನಮಗೆ ರೂಢಿಯಾಗಿದೆ. ಸಾವಿನ ಮನೆಯಲ್ಲಿ ಹಾಗೆ ಆಗುವುದಿಲ್ಲ. ಅಲ್ಲಿ ಒಬ್ಬಳು ಅಳುತ್ತಾಳೆ, ಒಬ್ಬ ಬಿದಿರು ತರುತ್ತಾನೆ, ಒಬ್ಬರು ಹಾಡುತ್ತಾರೆ, ಒಬ್ಬರು ಬಂದವರಿಗೆಲ್ಲ ಚಹಾ ಕೊಡುತ್ತಾರೆ. ಇವೆಲ್ಲ ಸೇರಿ ಒಂದು ದುಃಖ. ಆದರೆ ಈ ಹಂಚಿಕೆಯನ್ನು ಹೊಗಳಿ ಮುಗಿಸಲೂ ನನಗೆ ಮನಸ್ಸಿಲ್ಲ. ಹಂಚಿದವರು ಯಾರು? ಮಾತೇ ಆಡದ ಅತ್ತಿಗೆ ಅಷ್ಟು ಜನರ ಮುಂದೆ ಅಳುವ ಪಾಲು ಬಂತು, ಮಾತಿನ ಮಲ್ಲನಾದ ಅಪ್ಪನಿಗೆ ಬಾಯಿ ಕಟ್ಟಿಕೊಳ್ಳುವ ಪಾಲು ಬಂತು. ಅವರನ್ನು ಯಾರೂ ಕೇಳಿರಲಿಲ್ಲ. ಹೆಂಗಸರು ಅಳಬೇಕು, ಗಂಡಸರು ಓಡಾಡಬೇಕು ಎಂಬ ಮಾತು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು.

ಅತ್ತಿಯನ್ನೂ ಕೇಳಿದೆ. ಅವಳು ಜಾತ್ರೆಗೆ ಬಂದಿದ್ದಳು. "ಅವತ್ತ ಅಷ್ಟ ಹ್ಯಾಂಗ ಅತ್ತಿ?" ಎಂದೆ. ತೋರಿಕೆಯ ಮಾತನ್ನು ನಾನು ಎತ್ತಲಿಲ್ಲ. ಅವಳಿಗೆ ಗೊತ್ತಿತ್ತೇನೋ. "ಖರೆ ಹೇಳಲ್ಯಾ? ಬಸ್ಸಿನ್ಯಾಗ ಒಂದ ಹನಿ ಬಂದಿರಲಿಲ್ಲ. ಓಣಿ ಮೂಲಿಗೆ ಬಂದಾಗ, ಅಳು ಬರಲಿಲ್ಲಂದ್ರ ಮಂದಿ ಏನ ಅಂದಾರು ಅಂತ ಅಂಜಿಕಿ ಆತು" ಎಂದಳು. ಹಾಗಾದರೆ ಓಣಿಯವರ ಮಾತೇ ನಿಜವಾಯಿತಲ್ಲ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಅವಳು ಮುಂದುವರಿಸಿದಳು: "ಅಲ್ಲಿ ನಿಂತ್ರ ನಮ್ಮನಿ ಮಗ್ಗದ ಸಪ್ಪಳ ಕೇಳತೈತಿ. ಸಣ್ಣಾಕಿದ್ದಾಗಿಂದ ಅದನ್ನ ಕೇಳ್ಕೋತ ಒಳಗ ಬಂದಾಕಿ ನಾ. ಅವತ್ತ ಸಪ್ಪಳನ ಇರಲಿಲ್ಲ. ಆವಾಗ ಬಂತ ನೋಡು."

ಅಂದು ಬೆಳಗ್ಗೆ ನಮ್ಮ ಮನೆಯ ಮಗ್ಗಗಳನ್ನು ನಿಲ್ಲಿಸಿದವನು ಅಪ್ಪ. ಅಕ್ಕಪಕ್ಕದ ಮನೆಗಳಿಗೂ ಹುಡುಗನೊಬ್ಬನನ್ನು ಕಳಿಸಿ, ಮಣ್ಣಾಗುವ ತನಕ ಬಂದ್ ಇಡಿರೆಂದು ಹೇಳಿಸಿದ್ದ. ಕಟ್ಟೆಯ ಮೇಲೆ ಕೂತು ಅವನು ಮಾಡಿದ ಹತ್ತಾರು ಕೆಲಸಗಳಲ್ಲಿ ಅದೂ ಒಂದು. ನಾನು ಅಲ್ಲೇ ಇದ್ದೆ, ಕೇಳಿಸಿಕೊಂಡಿದ್ದೆ. ಅವನ ಕಣ್ಣನ್ನಷ್ಟೇ ನೋಡುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.